ಕಕ್ಕಡದ ಮಳೆಯಲ್ಲಿ ಹಟ ಹಿಡಿದ ಆರು ಗಾಡಿಗಳು: ಬ್ಲೂಟೂತ್ ಮೂಲಕ ಪ್ರೋಗ್ರಾಮ್ ಹಾಕುವಾಗ ಎದುರಾದ ತೊಂದರೆಯ ಪ್ರಕರಣ ಅಧ್ಯಯನ

ಕೊಡಗಿನ ಕಾಫಿ ತೋಟಗಳ ನಡುವಿನ ಒಂದು ಪ್ರೌಢಶಾಲೆಯಲ್ಲಿ ನಡೆದದ್ದು ಇದು. ಶಾಲೆ ಯಾವುದು, ಯಾವ ತಾಲ್ಲೂಕಿನದು, ಕಲಿಸಿದವರು ಯಾರು ಎಂಬುದನ್ನು ಬೇಕೆಂದೇ ಬಿಡಲಾಗಿದೆ. ಬೋರ್ಡು, ತಂತಿ, ನಿರೋಧಕ, ತಪ್ಪು ಮತ್ತು ತಪ್ಪಿನ ಕಾರಣಗಳನ್ನು ಮಾತ್ರ ಇದ್ದ ಹಾಗೆಯೇ ಇಡಲಾಗಿದೆ. ಇದೇ ಬಗೆಯ ಗಾಡಿಗಳು ನೂರಾರು ಶಾಲೆಗಳಲ್ಲಿವೆ. ಇದೇ ಜಾಗದಲ್ಲಿ ಸಿಕ್ಕಿಬಿದ್ದು ವೈರ್‌ಲೆಸ್‌ನ ಸಹವಾಸವೇ ಬೇಡ ಎಂದು ಕೈಬಿಟ್ಟವರಿಗೆ ಇದು ಸಿಗಬೇಕು ಎಂಬುದೇ ಬರೆಯುವುದಕ್ಕೆ ಕಾರಣ.

ಗಾಡಿಯ ಒಳಗೆ ಏನಿತ್ತು

ಮಕ್ಕಳು ಇವನ್ನು ರೋಬೋ ಎನ್ನುತ್ತಿರಲಿಲ್ಲ, ಗಾಡಿ ಎನ್ನುತ್ತಿದ್ದರು. ಒಟ್ಟು ಆರು. ಪ್ರತಿಯೊಂದರಲ್ಲೂ ಪ್ರೋಗ್ರಾಮ್ ಹಾಕಿ ಓಡಿಸುವ ಒಂದು ಆರ್ಡುಯಿನೊ ಊನೊ ಮಾದರಿಯ ಬೋರ್ಡು, ಎರಡು ಹಳದಿ ಗೇರ್ ಮೋಟಾರು, ಅವನ್ನು ಓಡಿಸಲು ಎಲ್298ಎನ್ ಡ್ರೈವರ್, ನೆಲದ ಕಪ್ಪು ಗೆರೆ ನೋಡುವ ಎರಡು ಸೆನ್ಸರ್, ಒಂದು ಎಚ್‌ಸಿ-05 ಬ್ಲೂಟೂತ್ ಮಾಡ್ಯೂಲ್. ಶಕ್ತಿಗೆ 18650 ಲಿಥಿಯಂ ಸೆಲ್ ಎರಡು, ಸಾಲಾಗಿ ಜೋಡಿಸಿದ್ದು. ತುಂಬಿದಾಗ 8.4 ವೋಲ್ಟ್, ಸಾಮಾನ್ಯವಾಗಿ 7.4 ವೋಲ್ಟ್. ಡ್ರೈವರ್ ಬೋರ್ಡಿನ ಮೇಲೇ ಇರುವ 78ಎಂ05 ರೆಗ್ಯುಲೇಟರ್‌ನಿಂದ 5 ವೋಲ್ಟ್ ತೆಗೆದು ಊನೊಗೂ ಬ್ಲೂಟೂತ್‌ಗೂ ಕೊಟ್ಟಿದ್ದರು. ಡ್ರೈವರ್‌ನ ನಾಲ್ಕು ಇನ್‌ಪುಟ್‌ಗಳು ಊನೊದ 10, 11, 12, 13ನೇ ಪಿನ್‌ಗಳಿಗೆ ಹೋಗಿದ್ದವು. ಇಎನ್‌ಎ, ಇಎನ್‌ಬಿ ಎಂಬ ಎರಡು ಎನೇಬಲ್ ಕಡ್ಡಿಗಳ ಮೇಲೆ ಕಿಟ್‌ನೊಂದಿಗೆ ಬಂದ ಜಂಪರ್ ಟೋಪಿ ಹಾಗೇ ಕೂತಿತ್ತು. ಈ ಕೊನೆಯ ಎರಡು ಸಂಗತಿ ನೆನಪಿನಲ್ಲಿರಲಿ.

ವೈರ್‌ಲೆಸ್ ಏಕೆ ಬೇಕಾಯಿತು? ಲ್ಯಾಪ್‌ಟಾಪ್ ಇದ್ದದ್ದು ಎರಡು. ಗೆರೆ ಎಳೆದ ಫ್ಲೆಕ್ಸ್ ಹಾಳೆ ಕೋಣೆಯ ಆ ತುದಿಯಲ್ಲಿ. ಒಂದು ಸಂಖ್ಯೆ ಬದಲಿಸಲು ಗಾಡಿಯನ್ನು ಎತ್ತಿಕೊಂಡು ಬಂದು, ಕೇಬಲ್ ಚುಚ್ಚಿ, ಮತ್ತೆ ಕೊಂಡುಹೋಗಿ ಬಿಡಬೇಕು. ದಿನಕ್ಕೆ ಎಷ್ಟೋ ಸಲ ಎಳೆದಾಡಿ ಎರಡು ಬೋರ್ಡಿನ ಯುಎಸ್‌ಬಿ ಕಿಂಡಿ ಸಡಿಲವಾಗಿತ್ತು. ಗಾಡಿಯಲ್ಲಿ ಬ್ಲೂಟೂತ್ ಹೇಗೂ ಇದೆ, ಫೋನಿನಿಂದ ಓಡಿಸಲು ಬಳಸುತ್ತಲೂ ಇದ್ದಾರೆ, ಅದರಲ್ಲೇ ಪ್ರೋಗ್ರಾಮ್ ಕಳಿಸಿದರಾಯಿತು ಎಂದು ಕಲಿಸುವವರು ತೀರ್ಮಾನಿಸಿದರು. ತೀರ್ಮಾನದಲ್ಲಿ ತಪ್ಪೇನಿಲ್ಲ. ಎಚ್‌ಸಿ-05 ಮೂಲಕ ಊನೊಗೆ ಪ್ರೋಗ್ರಾಮ್ ಹಾಕುವುದು ಸಾಧ್ಯವಿರುವ, ಹಳೆಯ, ಚೆನ್ನಾಗಿ ಗೊತ್ತಿರುವ ವಿಧಾನ.

ಫೋನಿನಿಂದ ಓಡಿಸುವಾಗ ಮಾಡ್ಯೂಲ್ 2 ಮತ್ತು 3ನೇ ಪಿನ್‌ನಲ್ಲಿ ಸಾಫ್ಟ್‌ವೇರ್ ಸೀರಿಯಲ್ ಆಗಿ, ಅಂದರೆ ಓಡುತ್ತಿರುವ ಪ್ರೋಗ್ರಾಮೇ ನಡೆಸುವ ಮಾತುಕತೆಯಾಗಿ, ಕೆಲಸ ಮಾಡುತ್ತಿತ್ತು. ಹೊಸ ಪ್ರೋಗ್ರಾಮ್ ಸ್ವೀಕರಿಸಲೆಂದೇ ಚಿಪ್ಪಿನಲ್ಲಿ ಮೊದಲೇ ಇರುವ ಬೂಟ್‌ಲೋಡರ್ ಎಂಬ ಪುಟ್ಟ ಪ್ರೋಗ್ರಾಮಿಗೆ ಆ ಪಿನ್‌ಗಳ ಗೊಡವೆಯಿಲ್ಲ. ಅದು ಕಿವಿಗೊಡುವುದು 0 ಮತ್ತು 1ಕ್ಕೆ ಮಾತ್ರ. ಹಾಗಾಗಿ ಆರೂ ಗಾಡಿಗಳ ತಂತಿ ಬಿಚ್ಚಿ 0, 1ಕ್ಕೆ ಸರಿಸಿದರು.

ಮೊದಲ ಸುತ್ತು: ತಪ್ಪೆಲ್ಲ ಮಳೆಯದು

ಕಕ್ಕಡ ತಿಂಗಳು (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ), ಬಿಡದೆ ಮಳೆ. ಅಪ್‌ಲೋಡ್ ಒತ್ತಿದರೆ ಮಾಡ್ಯೂಲಿನ ದೀಪ ಜೋಡಿಯಾದಂತೆ ಮಿಣುಕುತ್ತಿತ್ತು, ಆಮೇಲೆ ಪರದೆಯ ಮೇಲೆ ಹತ್ತು ಸಾಲು: ‘ನಾಟ್ ಇನ್ ಸಿಂಕ್’, ಅಂದರೆ ಬೋರ್ಡಿನ ಜೊತೆ ಮಾತು ಕೂಡಲಿಲ್ಲ ಎಂದು. ಆರೂ ಗಾಡಿಯಲ್ಲಿ, ಪ್ರತಿ ಸಲವೂ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ. ಜೋಡಣೆ ಅಳಿಸಿ 1234 ಎಂಬ ಗುಪ್ತಸಂಖ್ಯೆ ಕೊಟ್ಟು ಹೊಸದಾಗಿ ಜೋಡಿಸಿದರು. ಪ್ರೋಗ್ರಾಮ್ ಬರೆದು ಕಳಿಸುವ ಐಡಿಇ ಎಂಬ ತಂತ್ರಾಂಶ ತೆಗೆದು ಮತ್ತೆ ಹಾಕಿದರು. ವಿಂಡೋಸ್ ಒಂದು ಎಚ್‌ಸಿ-05ಗೆ ಎರಡು ಕಾಮ್ ಪೋರ್ಟ್ ಮಾಡಿಕೊಡುತ್ತದೆ, ಒಂದು ಒಳಬರುವುದು, ಒಂದು ಹೊರಹೋಗುವುದು. ಅಪ್‌ಲೋಡ್‌ಗೆ ಬೇಕಾದದ್ದು ಹೊರಹೋಗುವುದು. ಬ್ಲೂಟೂತ್ ಸೆಟ್ಟಿಂಗ್‌ನ ‘ಕಾಮ್ ಪೋರ್ಟ್ಸ್’ ಪುಟದಲ್ಲಿ ನೋಡಿ ಅದನ್ನೇ ಆರಿಸಿದರು. ಇದೊಂದು ಉಪಯುಕ್ತ ಹೆಜ್ಜೆ, ಆದರೆ ಫಲ ಬದಲಾಗಲಿಲ್ಲ.

ಆಮೇಲೆ ಅನುಮಾನ ಹೋದದ್ದು ಮಳೆಯ ಕಡೆಗೆ. ಕೊಡಗಿನಲ್ಲಿ ಜುಲೈ ತಿಂಗಳಲ್ಲಿ ಚಪ್ಪಲಿ, ಪುಸ್ತಕ, ಬೆಲ್ಟು ಎಲ್ಲದಕ್ಕೂ ಬೂಷ್ಟು ಹಿಡಿಯುತ್ತದೆ. ಸರ್ಕಿಟ್‌ಗೆ ಥಂಡಿ ಹೊಡೆದಿದೆ ಎಂದು ಅನ್ನಿಸುವುದು ಸಹಜ. ಮಾಡ್ಯೂಲ್‌ಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಟ್ಟರು. ಒಂದೆರಡನ್ನು ಯಾರದೋ ಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಕಾಳುಮೆಣಸಿನ ಪಕ್ಕ ಒಂದು ರಾತ್ರಿ ಇಟ್ಟು ತಂದರು. ಪಿನ್‌ಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದರು. ಕಿಟಕಿಯಾಚೆ ಮಂಜು ದಟ್ಟವಾಗಿದ್ದಾಗ ಲ್ಯಾಪ್‌ಟಾಪನ್ನು ಗಾಡಿಯ ಪಕ್ಕಕ್ಕೇ ತಂದಿಟ್ಟರು. ಎರಡು ಮೀಟರು ದೂರದಲ್ಲಿ ಮಂಜಾಗಲಿ ತೇವವಾಗಲಿ 2.4 ಗಿಗಾಹರ್ಟ್ಸ್ ಸಂಕೇತಕ್ಕೆ ಏನೂ ಮಾಡುವುದಿಲ್ಲ. ಎರಡು ವಾರ ಹೀಗೇ ಹೋಯಿತು. ಅದರಲ್ಲಿ ಅರ್ಧ ಮಳೆ ರಜೆ.

ಈ ಎರಡು ವಾರ ದಾರಿ ತಪ್ಪಿಸಿದ್ದು ಒಂದು ವಾಕ್ಯ: “ಫೋನಿನಲ್ಲಿ ಓಡುತ್ತದಲ್ಲ, ಅಂದಮೇಲೆ ಬ್ಲೂಟೂತ್ ಸರಿಯಾಗಿಯೇ ಇದೆ.” ಫೋನಿನಲ್ಲಿ ಓಡುವುದು ನಿಜ. ಅದರಿಂದ ರೇಡಿಯೋ ಸರಿ ಇದೆ, ಮಾಡ್ಯೂಲ್ ಜೀವಂತ ಇದೆ ಎಂದಷ್ಟೇ ತಿಳಿಯುತ್ತದೆ. ಬೂಟ್‌ಲೋಡರ್ ಎದ್ದಿತೇ, ಎದ್ದಿದ್ದರೆ ಅದಕ್ಕೆ ಅರ್ಥವಾಗುವ ವೇಗದಲ್ಲಿ ಮಾತು ತಲುಪಿತೇ ಎಂಬ ಎರಡು ಪ್ರಶ್ನೆಗೆ ಅದು ಉತ್ತರವೇ ಅಲ್ಲ. ಇನ್ನೂ ಒಂದು ಸುಳಿವು ಕಣ್ಣ ಮುಂದೆಯೇ ಇತ್ತು. ತಂತಿಯನ್ನು 0, 1ಕ್ಕೆ ಸರಿಸಿದ ಮೇಲೆ ಆರರಲ್ಲಿ ಒಂದು ಗಾಡಿ ಫೋನಿನ ಮಾತನ್ನೂ ಕೇಳುವುದನ್ನು ನಿಲ್ಲಿಸಿತ್ತು. ಅದನ್ನು ‘ಕೆಟ್ಟ ಮಾಡ್ಯೂಲ್’ ಎಂದು ಪಕ್ಕಕ್ಕಿಟ್ಟಿದ್ದರು.

ಮೂರು ಮಿಣುಕು

ತಿರುವು ಬಂದದ್ದು ಕೇಬಲ್‌ನಿಂದ. ಕೇಬಲ್ ಮೂಲಕ ಸರಿಯಾಗಿ ಪ್ರೋಗ್ರಾಮ್ ಹತ್ತುವಾಗ ಬೋರ್ಡಿನಲ್ಲಿ ಏನೇನಾಗುತ್ತದೆ ಎಂದು ಒಮ್ಮೆ ಸುಮ್ಮನೆ ನೋಡೋಣ ಎಂದು ಕೂತರು. 0 ಮತ್ತು 1ನೇ ಪಿನ್‌ನ ಬ್ಲೂಟೂತ್ ತಂತಿ ಬಿಚ್ಚಿಯೇ ಇದನ್ನು ಮಾಡಬೇಕು. ಯುಎಸ್‌ಬಿ ಚಿಪ್ಪೂ ಬ್ಲೂಟೂತ್ ಮಾಡ್ಯೂಲೂ ಒಂದೇ ಪಿನ್‌ಗೆ ಮಾತಾಡತೊಡಗಿದರೆ ಎರಡೂ ಕೇಳಿಸುವುದಿಲ್ಲ.

ಅಪ್‌ಲೋಡ್ ಒತ್ತಿದೊಡನೆ ‘ಎಲ್’ ಎಂದು ಬರೆದ ಪುಟ್ಟ ದೀಪ ಪಟಪಟನೆ ಮೂರು ಸಲ ಮಿಣುಕಿತು, ಅರ್ಧ ಸೆಕೆಂಡಿನೊಳಗೆ. ಆ ಮೂರು ಮಿಣುಕು ಆಪ್ಟಿಬೂಟ್ ಎಂಬ ಬೂಟ್‌ಲೋಡರ್‌ನ ಗುರುತು, ‘ನಾನು ಎದ್ದೆ, ಕೇಳುತ್ತಿದ್ದೇನೆ’ ಎಂದು. ಅದು ಕೇಳುವುದು ಸುಮಾರು ಒಂದು ಸೆಕೆಂಡು. ಅಷ್ಟರಲ್ಲಿ ಸರಿಯಾದ ಮಾತು ಬರದಿದ್ದರೆ ಹಳೆಯ ಪ್ರೋಗ್ರಾಮನ್ನೇ ಓಡಿಸಲು ಬಿಟ್ಟು ತಾನು ಸರಿಯುತ್ತದೆ. ಅದೂ ರೀಸೆಟ್ ಪಿನ್ ಕೆಳಗೆ ಎಳೆಯಲ್ಪಟ್ಟಾಗ ಮಾತ್ರ ಹೀಗೆ ಕಾಯುತ್ತದೆ. ಕೇಬಲ್ ಇದ್ದಾಗ ಡಿಟಿಆರ್ ಎಂಬ ಸಂಕೇತ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಮೂಲಕ ಆ ಪಿನ್ನನ್ನು ಎಳೆಯುತ್ತದೆ. ಬ್ಲೂಟೂತ್‌ನಲ್ಲಿ ಎಚ್‌ಸಿ-05 ಡಿಟಿಆರ್ ಅನ್ನು ಈಚೆ ತರುವುದೇ ಇಲ್ಲ.

ಈಗ ಬ್ಲೂಟೂತ್ ಹಾಕಿ ನೋಡಿದರೆ ಎಲ್ ದೀಪ ಒಮ್ಮೆಯೂ ಮಿಣುಕಲಿಲ್ಲ. ಎರಡು ವಾರ ಬಾಗಿಲು ಬಡಿದದ್ದು ನಿದ್ದೆಯಲ್ಲಿದ್ದ ಮನೆಗೆ. ಐಡಿಇಯನ್ನು ಎಷ್ಟು ಸಲ ಮತ್ತೆ ಹಾಕಿದರೂ ಪ್ರಯೋಜನವಿರಲಿಲ್ಲ.

ಅಲ್ಲಿಂದ ಕೆಲಸದ ರೀತಿ ಬದಲಾಯಿತು. ಅಪ್‌ಲೋಡ್ ಎಂಬುದು ಒಂದರ ಹಿಂದೆ ಒಂದು ನಡೆಯುವ ಘಟನೆಗಳ ಸಾಲು: ಪೋರ್ಟ್ ತೆರೆಯಬೇಕು, ಬ್ಲೂಟೂತ್ ಕೊಂಡಿ ಕೂಡಬೇಕು, ರೀಸೆಟ್ ಆಗಬೇಕು, ಮೂರು ಮಿಣುಕು ಕಾಣಬೇಕು, ಒಂದು ಸೆಕೆಂಡಿನೊಳಗೆ ಸರಿಯಾದ ವೇಗದಲ್ಲಿ ಮೊದಲ ಮಾತು ತಲುಪಬೇಕು, ಆಮೇಲೆ ಕೊನೆಯವರೆಗೂ ಕೊಂಡಿ ಕಡಿಯಬಾರದು. ಇದನ್ನು ಹಲಗೆಯ ಮೇಲೆ ಬರೆದಿಟ್ಟರು. ಯಾವ ಹಂತದವರೆಗೆ ಕಣ್ಣಿಗೆ ಕಾಣುತ್ತದೋ ಅಲ್ಲಿಯವರೆಗೆ ಸರಿ, ಅದರ ಮುಂದಿನದನ್ನಷ್ಟೇ ಮುಟ್ಟಬೇಕು ಎಂದು ಗೊತ್ತುಮಾಡಿಕೊಂಡರು.

ವೇಗ ಮತ್ತು ರೀಸೆಟ್

ವೇಗದ ತಪ್ಪು ಬೇಗ ಸಿಕ್ಕಿತು. ಎಚ್‌ಸಿ-05 ಅಂಗಡಿಯಿಂದ ಬರುವಾಗ 9600 ಬಾಡ್‌ನಲ್ಲಿ, ಅಂದರೆ ಸೆಕೆಂಡಿಗೆ 9600 ಬಿಟ್ ವೇಗದಲ್ಲಿ, ಇರುತ್ತದೆ. ಫೋನಿನ ಪ್ರೋಗ್ರಾಮಿನಲ್ಲೂ 9600 ಎಂದೇ ಬರೆದಿದ್ದರಿಂದ ಅಲ್ಲಿ ಎಲ್ಲ ಸರಿಹೋಗಿತ್ತು. ಊನೊದ ಬೂಟ್‌ಲೋಡರ್ ಮಾತಾಡುವುದು 115200ರಲ್ಲಿ. ಮಾಡ್ಯೂಲಿನ ಮೇಲಿನ ಚಿಕ್ಕ ಗುಂಡಿಯನ್ನು ಒತ್ತಿ ಹಿಡಿದೇ ಕರೆಂಟ್ ಕೊಟ್ಟರೆ ದೀಪ ಎರಡು ಸೆಕೆಂಡು ಉರಿದು ಎರಡು ಸೆಕೆಂಡು ಆರುತ್ತದೆ. ಅದು ಎಟಿ ಸ್ಥಿತಿ, ಮಾಡ್ಯೂಲಿಗೇ ಆಜ್ಞೆ ಕೊಟ್ಟು ಅದರ ಸೆಟ್ಟಿಂಗ್ ಬದಲಿಸುವ ಸ್ಥಿತಿ. ಅಲ್ಲಿ 38400 ಬಾಡ್‌ನಲ್ಲಿ, ಸಾಲಿನ ಕೊನೆಗೆ ‘ಎನ್‌ಎಲ್ ಮತ್ತು ಸಿಆರ್ ಎರಡೂ’ ಆರಿಸಿ, ಹೀಗೆ ಬರೆದರು: ಎಟಿ+ಯುಎಆರ್‌ಟಿ=115200,0,0. ‘ಓಕೆ’ ಬಂತು. ಸಾಲಿನ ಕೊನೆಯ ಆ ಆಯ್ಕೆ ತಪ್ಪಿದರೆ ಮಾಡ್ಯೂಲ್ ಮೌನವಾಗಿರುತ್ತದೆ, ಕೆಟ್ಟಿದೆ ಎಂದು ಅನ್ನಿಸಿಬಿಡುತ್ತದೆ. ಇದಾದ ಮೇಲೆ ಮಕ್ಕಳ ಪ್ರೋಗ್ರಾಮಿನಲ್ಲೂ ಸೀರಿಯಲ್ ವೇಗ 115200 ಆಗಬೇಕು, ಇಲ್ಲವಾದರೆ ಫೋನಿನಿಂದ ಓಡಿಸುವುದು ನಿಲ್ಲುತ್ತದೆ.

16 ಮೆಗಾಹರ್ಟ್ಸ್ ಗಡಿಯಾರದ ಊನೊ 115200 ಎಂದಾಗ ನಿಜವಾಗಿ ಕೊಡುವುದು ಸುಮಾರು 117647, ಶೇಕಡಾ 2.1ರಷ್ಟು ಹೆಚ್ಚು. ಇದು ಅಂಚಿನ ಮೇಲಿನ ನಡಿಗೆ. ಸಾಮಾನ್ಯವಾಗಿ ನಡೆದುಹೋಗುತ್ತದೆ, ಇಲ್ಲಿಯೂ ನಡೆಯಿತು. ಆದರೆ ತಂತಿ ಸಡಿಲವಿದ್ದಾಗ, ವೋಲ್ಟೇಜ್ ಕುಸಿದಾಗ ಮೊದಲು ಮುಗ್ಗರಿಸುವ ಜಾಗ ಇದೇ. ಬೇರೆ ದಾರಿಯಿಲ್ಲದಿದ್ದರೆ 57600ರ ಬೂಟ್‌ಲೋಡರ್ ಸುಟ್ಟು ಮಾಡ್ಯೂಲನ್ನೂ 57600ಕ್ಕೆ ಇಳಿಸಬಹುದು. ಅಲ್ಲಿ ವ್ಯತ್ಯಾಸ ಶೇಕಡಾ 0.8 ಮಾತ್ರ.

ರೀಸೆಟ್‌ನದು ಹೆಚ್ಚು ಸಮಯ ತಿಂದಿತು. ಎಚ್‌ಸಿ-05ರ ‘ಸ್ಟೇಟ್’ ಪಿನ್ ಕೊಂಡಿ ಕೂಡಿದಾಗ ಮೇಲೇರುತ್ತದೆ. ರೀಸೆಟ್‌ಗೆ ಬೇಕಾದದ್ದು ಕೆಳಗಿಳಿಯುವ ಸಂಕೇತ. ಎಟಿ+ಪೋಲಾರ್=1,0 ಎಂಬ ಆಜ್ಞೆ ಕೊಟ್ಟರೆ ದಿಕ್ಕು ತಿರುಗುತ್ತದೆ, ಆಮೇಲೆ ಸ್ಟೇಟ್‌ನಿಂದ ರೀಸೆಟ್‌ಗೆ ಒಂದು 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿದರೆ ಸಾಕು ಎಂಬುದು ಸುಲಭದ ಪಾಠ. ಅದನ್ನೇ ಮಾಡಿದರು. ನಾಲ್ಕು ಮಾಡ್ಯೂಲ್ ಆಜ್ಞೆ ಒಪ್ಪಿದವು. ಎರಡು ‘ಎರರ್:(0)’ ಎಂದವು. ಒಪ್ಪಿದವುಗಳಲ್ಲೂ ಒಂದರ ಸ್ಟೇಟ್ ಕಡ್ಡಿಯಲ್ಲಿ ಏನೂ ಅಲುಗಲಿಲ್ಲ, ಇನ್ನೊಂದು ಮೂರು ಸಲಕ್ಕೊಮ್ಮೆ ಮಾತ್ರ ಬೋರ್ಡನ್ನು ಎಬ್ಬಿಸುತ್ತಿತ್ತು.

ಮೂರಕ್ಕೊಮ್ಮೆ ಎಬ್ಬಿಸುವುದು ಏಕೆ ಎಂದು ಲೆಕ್ಕ ಹಾಕಿದ್ದು ಒಳ್ಳೆಯದಾಯಿತು. ಸ್ಟೇಟ್ ಪಿನ್ 3.3 ವೋಲ್ಟ್‌ನದು. ಅದು 3.3ರಿಂದ ಸೊನ್ನೆಗೆ ಬಿದ್ದಾಗ ಕೆಪಾಸಿಟರ್‌ನ ಆಚೆ ಬದಿಯಲ್ಲಿ ರೀಸೆಟ್ ಪಿನ್ 5ರಿಂದ ಹೆಚ್ಚೆಂದರೆ 1.7 ವೋಲ್ಟ್‌ಗೆ ಇಳಿಯುತ್ತದೆ. ಚಿಪ್ಪಿನ ದಾಖಲೆ ಖಾತ್ರಿ ಕೊಡುವುದು ಅದಕ್ಕಿಂತ ತುಂಬ ಕೆಳಗೆ ಇಳಿದರೆ ಮಾತ್ರ. ಕೆಲವು ಚಿಪ್ಪು 1.7ಕ್ಕೇ ರೀಸೆಟ್ ಆಗುತ್ತವೆ, ಕೆಲವು ಆಗುವುದಿಲ್ಲ. ಪುಣ್ಯದ ಮೇಲೆ ಓಡುವ ಸರ್ಕಿಟ್ ಒಂದಿದ್ದರೆ ನಡೆದೀತು. ಆರು ಗಾಡಿ, ನಲವತ್ತು ಮಕ್ಕಳು ಇರುವಲ್ಲಿ ಅದು ಸಲ್ಲದು.

ಹಾಗಾಗಿ ಪೋಲಾರ್ ಆಜ್ಞೆಯನ್ನೇ ಬಿಟ್ಟು, ಎಲ್ಲ ಗಾಡಿಗೂ ಒಂದೇ ರೀತಿ ಬಿಸಿ547 ಟ್ರಾನ್ಸಿಸ್ಟರ್ ಹಾಕುವ ತೀರ್ಮಾನವಾಯಿತು. ಆಜ್ಞೆ ಒಪ್ಪಿದ್ದ ಮಾಡ್ಯೂಲ್‌ಗಳನ್ನು ಎಟಿ+ಪೋಲಾರ್=1,1 ಎಂದು ಹಿಂದಿನ ಸ್ಥಿತಿಗೆ ತಂದರು. ಸ್ಟೇಟ್‌ನಿಂದ 10 ಕಿಲೋಓಮ್ ಮೂಲಕ ಬೇಸ್‌ಗೆ. ಎಮಿಟರ್ ಗ್ರೌಂಡ್‌ಗೆ. ಕಲೆಕ್ಟರ್‌ನಿಂದ 10 ಕಿಲೋಓಮ್ 5 ವೋಲ್ಟ್‌ಗೆ, ಅದೇ ಕಲೆಕ್ಟರ್‌ನಿಂದ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ರೀಸೆಟ್‌ಗೆ. ಕೊಂಡಿ ಕೂಡಿದಾಗ ಸ್ಟೇಟ್ ಏರುತ್ತದೆ, ಟ್ರಾನ್ಸಿಸ್ಟರ್ ತೆರೆಯುತ್ತದೆ, ಕಲೆಕ್ಟರ್ 5ರಿಂದ ಸೊನ್ನೆಯ ಹತ್ತಿರಕ್ಕೆ ಬೀಳುತ್ತದೆ, ರೀಸೆಟ್ ಪೂರ್ತಿ ಇಳಿಯುತ್ತದೆ. ಕಲೆಕ್ಟರ್‌ನ ಆ 10 ಕಿಲೋಓಮ್ ಮರೆತರೆ ಮೊದಲ ಸಲ ಮಾತ್ರ ಕೆಲಸ ಮಾಡುತ್ತದೆ. ಕೆಪಾಸಿಟರ್ ಮತ್ತೆ ಮೊದಲಿನಂತಾಗಲು ದಾರಿಯೇ ಇರುವುದಿಲ್ಲ. ಒಂದು ಗಾಡಿಯಲ್ಲಿ ಹೀಗೇ ಆಗಿ ಅರ್ಧ ಗಂಟೆ ಹೋಯಿತು. ಕೊಂಡಿ ಕಡಿದಾಗ ಕೆಪಾಸಿಟರ್ ರೀಸೆಟ್ ಪಿನ್ನನ್ನು ಕ್ಷಣಕಾಲ 7.5 ವೋಲ್ಟ್‌ವರೆಗೆ ಎತ್ತಬಲ್ಲದು. ಅದಕ್ಕಾಗಿ ರೀಸೆಟ್‌ನಿಂದ 5 ವೋಲ್ಟ್ ಕಡೆಗೆ ಒಂದು 1ಎನ್4148 ಡಯೋಡ್, ಗೆರೆ ಇರುವ ತುದಿ 5 ವೋಲ್ಟ್‌ಗೆ. ಕೆಲವು ಬೋರ್ಡಿನಲ್ಲಿ ಈ ಡಯೋಡ್ ಮೊದಲೇ ಇರುತ್ತದೆ, ಇದ್ದರೂ ಇನ್ನೊಂದರಿಂದ ನಷ್ಟವಿಲ್ಲ.

ಇದಕ್ಕೆ ತೆತ್ತ ಬೆಲೆಯೂ ಒಂದಿದೆ: ಓಡುತ್ತಿರುವ ಗಾಡಿಗೆ ಫೋನಿನಿಂದ ಜೋಡಿಯಾದರೂ ಅದು ರೀಸೆಟ್ ಆಗುತ್ತದೆ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಬೇಕು.

‘ಕೆಟ್ಟ’ ಮಾಡ್ಯೂಲ್

ಪಕ್ಕಕ್ಕಿಟ್ಟ ಗಾಡಿಯನ್ನು ಈಗ ತೆಗೆದರು. ಮೂರು ಮಿಣುಕು ಬರುತ್ತದೆ, ಸಿಂಕ್ ಆಗುವುದಿಲ್ಲ. ಮಾಡ್ಯೂಲನ್ನು ಬೇರೆ ಗಾಡಿಗೆ ಹಾಕಿದರೆ ಸರಿಯಾಗಿ ಕೆಲಸ ಮಾಡಿತು. ಅಂದಮೇಲೆ ದೋಷ ತಂತಿಯಲ್ಲಿ.

ಎಚ್‌ಸಿ-05ರ ಆರ್‌ಎಕ್ಸ್ (ಕೇಳುವ ಪಿನ್) 3.3 ವೋಲ್ಟ್‌ನದು, ಊನೊದ ಟಿಎಕ್ಸ್ (ಮಾತಾಡುವ ಪಿನ್) 5 ವೋಲ್ಟ್‌ನದು. ಹಾಗಾಗಿ ಊನೊ ಟಿಎಕ್ಸ್‌ನಿಂದ 1 ಕಿಲೋಓಮ್, ಅಲ್ಲಿಂದ ಗ್ರೌಂಡ್‌ಗೆ 2 ಕಿಲೋಓಮ್ ಹಾಕಿ ನಡುವಿನ ಬಿಂದುವನ್ನು ಮಾಡ್ಯೂಲಿಗೆ ಕೊಡಬೇಕು. ಇದು ಆರೂ ಗಾಡಿಯಲ್ಲಿ ಸರಿಯಿತ್ತು. ಈ ಒಂದರಲ್ಲಿ ಯಾರೋ ಜಾಗ್ರತೆಗಾಗಿ ಎದುರು ದಿಕ್ಕಿನ ತಂತಿಗೂ, ಅಂದರೆ ಮಾಡ್ಯೂಲ್ ಟಿಎಕ್ಸ್‌ನಿಂದ ಊನೊದ 0ನೇ ಪಿನ್‌ಗೆ ಹೋಗುವುದಕ್ಕೂ, 1 ಕಿಲೋಓಮ್ ಸೇರಿಸಿದ್ದರು. 2, 3ನೇ ಪಿನ್‌ನಲ್ಲಿದ್ದಾಗ ಅದರಿಂದ ತೊಂದರೆಯಿರಲಿಲ್ಲ. 0ನೇ ಪಿನ್‌ಗೆ ಬೋರ್ಡಿನ ಒಳಗೇ ಯುಎಸ್‌ಬಿ ಚಿಪ್ಪಿನ ಟಿಎಕ್ಸ್ ಇನ್ನೊಂದು 1 ಕಿಲೋಓಮ್ ಮೂಲಕ ಅಂಟಿಕೊಂಡಿದೆ, ಅದು ಸುಮ್ಮನಿರುವಾಗ 5 ವೋಲ್ಟ್‌ನಲ್ಲಿ ಇರುತ್ತದೆ. ಮಾಡ್ಯೂಲ್ ಸೊನ್ನೆ ಎಂದಾಗ ಎರಡು ಸಮ ನಿರೋಧಕಗಳು ಜಗ್ಗಾಡಿ ಪಿನ್ ನಡುವೆ ನಿಲ್ಲುತ್ತದೆ.

ಇದನ್ನು ಬಾಯಲ್ಲಿ ಹೇಳದೆ ಅಳೆದು ತೋರಿಸಿದರು. ಮಾಡ್ಯೂಲನ್ನು ಕಿತ್ತು, ಆ ಹೆಚ್ಚುವರಿ ನಿರೋಧಕದ ಖಾಲಿ ತುದಿಯನ್ನು ಗ್ರೌಂಡ್‌ಗೆ ಮುಟ್ಟಿಸಿ, ಮಲ್ಟಿಮೀಟರಿನ ಕೆಂಪು ಕಡ್ಡಿಯನ್ನು 0ನೇ ಪಿನ್‌ಗೆ ಇಟ್ಟರು. ಸೊನ್ನೆ ಕಾಣಬೇಕಾದಲ್ಲಿ ಸುಮಾರು 2.5 ವೋಲ್ಟ್. 5 ವೋಲ್ಟ್‌ನಲ್ಲಿ ಓಡುವ ಈ ಚಿಪ್ಪು ಸೊನ್ನೆ ಎಂದು ಖಾತ್ರಿಯಾಗಿ ಓದಲು ಪಿನ್ 1.5 ವೋಲ್ಟ್‌ಗಿಂತ ಕೆಳಗಿರಬೇಕು. ನಿರೋಧಕ ತೆಗೆದು ನೇರ ತಂತಿ ಹಾಕಿದರು, ಕೆಟ್ಟ ಮಾಡ್ಯೂಲ್ ಒಳ್ಳೆಯದಾಯಿತು.

ಇಲ್ಲೇ ಇನ್ನೊಂದು ಗೊಂದಲವೂ ಕಳೆಯಿತು. ಆರೂ ಮಾಡ್ಯೂಲ್‌ಗಳ ಹೆಸರು ‘ಎಚ್‌ಸಿ-05’ ಎಂದೇ ಇತ್ತು. ಒಂದು ಗುಂಪು ಕಳಿಸಿದ ಪ್ರೋಗ್ರಾಮ್ ಇನ್ನೊಂದು ಗುಂಪಿನ ಗಾಡಿಗೆ ಹತ್ತಿ ಜಗಳವಾಗುತ್ತಿತ್ತು. ಎಟಿ+ನೇಮ್ ಆಜ್ಞೆಯಿಂದ ಹೆಸರಿಟ್ಟರು, ಮಕ್ಕಳೇ ಆರಿಸಿದ ಹೊಳೆಗಳ ಹೆಸರು: ಕಾವೇರಿ, ಹಾರಂಗಿ, ಹೇಮಾವತಿ, ಲಕ್ಷ್ಮಣತೀರ್ಥ, ಬರಪೊಳೆ, ಚಿಕ್ಲಿಹೊಳೆ. ಗಾಡಿಯ ನೆತ್ತಿಯ ಮೇಲೂ ಅದೇ ಹೆಸರಿನ ಚೀಟಿ.

ಎರಡನೆಯ ಸುತ್ತು: ಮಳೆಯದು ತಪ್ಪಲ್ಲ, ಆದರೂ ಮಳೆಯದೇ

ಮೇಜಿನ ಮೇಲೆ ಎಲ್ಲ ಸರಿಹೋಯಿತು. ತರಗತಿಯಲ್ಲಿ ಮತ್ತೆ ಕೆಟ್ಟಿತು. ಬೆಳಿಗ್ಗೆ ಹತ್ತುತ್ತದೆ, ಮಧ್ಯಾಹ್ನ ಹತ್ತುವುದಿಲ್ಲ. ಮಳೆ ಜೋರಾದಾಗ ಹತ್ತುವುದೇ ಇಲ್ಲ. ಥಂಡಿಯ ವಾದ ಮತ್ತೆ ಎದ್ದು ಕೂತಿತು.

ಈ ಸಲ ವಾದ ಮಾಡುವ ಬದಲು ಒಂದು ನೋಟ್‌ಬುಕ್ ಇಟ್ಟರು. ಇಡೀ ಪ್ರಕರಣದಲ್ಲಿ ಇದಕ್ಕಿಂತ ಒಳ್ಳೆಯ ನಿರ್ಧಾರ ಇನ್ನೊಂದಿಲ್ಲ ಎನ್ನಬೇಕು. ಪ್ರತಿ ಅಪ್‌ಲೋಡ್‌ಗೂ ಒಂದು ಸಾಲು: ಗಾಡಿಯ ಹೆಸರು, ಸಮಯ, ಮಳೆ ಇದೆಯೇ, ಕರೆಂಟ್ ಇದೆಯೇ, ಮೂರು ಮಿಣುಕು ಬಂತೇ, ಹತ್ತಿತೇ, ಬೇರೆ ಏನಾದರೂ ಕಂಡಿತೇ. ನಾಲ್ಕು ದಿನದ ಸಾಲುಗಳನ್ನು ಮುಂದಿಟ್ಟುಕೊಂಡಾಗ ಮಳೆಯ ಅಂಕಣಕ್ಕಿಂತ ಕರೆಂಟ್‌ನ ಅಂಕಣ ಫಲಿತಾಂಶದ ಜೊತೆ ಹೆಚ್ಚು ಹೊಂದುತ್ತಿತ್ತು. ಮಳೆ ಇದ್ದು ಕರೆಂಟೂ ಇದ್ದಾಗ ಹತ್ತಿದೆ. ಕರೆಂಟ್ ಇಲ್ಲದಾಗ ಬಹುಪಾಲು ಸೋತಿದೆ. ಮಳೆ ಜೋರಾದರೆ ಎಲ್ಲೋ ಮರ ಬಿದ್ದು ಕರೆಂಟ್ ಹೋಗುತ್ತದೆ, ಅದಕ್ಕೇ ಮಳೆ ಆರೋಪಿಯಂತೆ ಕಂಡದ್ದು.

ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿತ್ತು, ಅದಕ್ಕೆ ಕರೆಂಟ್‌ನ ಹಂಗಿಲ್ಲ. ಗಾಡಿಗಿತ್ತು. ಕರೆಂಟ್ ಇದ್ದಾಗ ಮಕ್ಕಳು ಸೆಲ್ ಉಳಿಸಲು ಗಾಡಿಯ ಬ್ಯಾಟರಿ ಸ್ವಿಚ್ ಆರಿಸಿ, ಫೋನ್ ಚಾರ್ಜರಿನಿಂದ ಊನೊಗೆ 5 ವೋಲ್ಟ್ ಕೊಟ್ಟು ಪ್ರೋಗ್ರಾಮ್ ಹಾಕುತ್ತಿದ್ದರು. ಆಗ ಮೋಟಾರಿಗೆ ಶಕ್ತಿಯೇ ಇಲ್ಲ. ಕರೆಂಟ್ ಹೋದಾಗ ಬ್ಯಾಟರಿ ಸ್ವಿಚ್ ಹಾಕಬೇಕು, ಮೋಟಾರೂ ಜೀವಂತವಾಗುತ್ತದೆ.

‘ಬೇರೆ ಏನಾದರೂ’ ಎಂಬ ಅಂಕಣದಲ್ಲಿ ಒಂಬತ್ತನೆಯ ತರಗತಿಯ ಕೈಬರಹದಲ್ಲಿ ಒಂದು ಸಾಲಿತ್ತು: “ಎಡ ಚಕ್ರ ಮೂರು ಸಲ ಜಿಗಿಯಿತು.” ಮೂರು ಸಲ. ಎಲ್ ದೀಪ ಮಿಣುಕುವಷ್ಟೇ ಸಲ.

ಊನೊದ ಎಲ್ ದೀಪ ಇರುವುದು 13ನೇ ಪಿನ್‌ನಲ್ಲಿ. ಎಡ ಮೋಟಾರಿನ ಒಂದು ಇನ್‌ಪುಟ್ ಕೂಡ 13ನೇ ಪಿನ್‌ನಲ್ಲೇ. ಬೂಟ್‌ಲೋಡರ್ ‘ಎದ್ದೆ’ ಎಂದು ದೀಪ ಮಿಣುಕಿಸಿದಾಗ ಡ್ರೈವರ್‌ಗೆ ಅದು ‘ಓಡು, ನಿಲ್ಲು, ಓಡು, ನಿಲ್ಲು’ ಎಂಬ ಆಜ್ಞೆ. ಎನೇಬಲ್ ಕಡ್ಡಿಯ ಮೇಲೆ ಜಂಪರ್ ಟೋಪಿ ಇರುವುದರಿಂದ ತಡೆಯುವವರಿಲ್ಲ. ಉಳಿದ ಮೂರು ಇನ್‌ಪುಟ್‌ಗಳೂ ಬೂಟ್‌ಲೋಡರ್ ಓಡುವಾಗ ಗಾಳಿಯಲ್ಲಿ ತೇಲುತ್ತಿರುತ್ತವೆ, ಅವು ಯಾವ ಕಡೆ ವಾಲುತ್ತವೆ ಎಂದು ಹೇಳಲಾಗದು. ನಿಂತ ಮೋಟಾರು ಹೊರಡುವಾಗ ಓಡುವಾಗಿನ ಹಲವು ಪಟ್ಟು ವಿದ್ಯುತ್ತನ್ನು ಬ್ಯಾಟರಿಯಿಂದ ಎಳೆಯುತ್ತದೆ. 78ಎಂ05ಗೆ 5 ವೋಲ್ಟ್ ಕೊಡಲು ಸುಮಾರು 7 ವೋಲ್ಟ್ ಒಳಗೆ ಬರಬೇಕು. ಬೆಳಿಗ್ಗೆ ಸೆಲ್ ತುಂಬಿ 8.4 ಇರುವಾಗ ಜಗ್ಗಿದರೂ ತಾಳುತ್ತದೆ, ಮಧ್ಯಾಹ್ನ 7.2ಕ್ಕೆ ಇಳಿದಾಗ ತಾಳುವುದಿಲ್ಲ. 5 ವೋಲ್ಟ್ ಸಾಲು ಕುಸಿಯುತ್ತದೆ, ಎಚ್‌ಸಿ-05 ಕೊಂಡಿ ಕಳಚುತ್ತದೆ. ಸರಿಯಾಗಿ ಬೂಟ್‌ಲೋಡರ್ ಕಿವಿಗೊಟ್ಟ ಆ ಒಂದು ಸೆಕೆಂಡಿನಲ್ಲೇ.

ಆಸಿಲೋಸ್ಕೋಪ್ ಇರಲಿಲ್ಲ, ಸಾಮಾನ್ಯ ಮಲ್ಟಿಮೀಟರಿಗೆ ಇಷ್ಟು ಚುರುಕಿನ ಕುಸಿತ ಕಾಣುವುದಿಲ್ಲ. ಮಾಡ್ಯೂಲಿನ ದೀಪ ಸಾಕಾಯಿತು: ಜೋಡಿಯಾಗಿರುವಾಗ ಎರಡೆರಡು ಬಾರಿ ಮಿಣುಕಿ ನಿಲ್ಲುವುದು, ಚಕ್ರ ಜಿಗಿದೊಡನೆ ಬಿಡುವಿಲ್ಲದ ವೇಗದ ಮಿಣುಕಿಗೆ ಮರಳುತ್ತಿತ್ತು, ಅಂದರೆ ಕೊಂಡಿ ಕಡಿದಿದೆ. ಖಚಿತಪಡಿಸಿಕೊಳ್ಳಲು ಒಂದು ಸಲಕ್ಕೆ ಒಂದೇ ತಂತಿ ಬಿಚ್ಚಿ ನೋಡಿದರು. ಅದೇ ಸೊರಗಿದ ಸೆಲ್‌ನಲ್ಲಿ ಬಲ ಮೋಟಾರಿನ ತಂತಿ ಬಿಚ್ಚಿದರೆ ಸೋಲು, ಎಡ ಮೋಟಾರಿನದು ಬಿಚ್ಚಿದರೆ ಗೆಲುವು. ಬ್ಯಾಟರಿ ಸಾಲದು ಎಂದು ಹೊಸ ಸೆಲ್ ತರಿಸುವ ಖರ್ಚು ಅಲ್ಲಿಗೆ ತಪ್ಪಿತು.

ಏನು ಮಾಡಿದರು, ಏನು ಮಾಡಲಿಲ್ಲ

ಮೊದಲು 5 ವೋಲ್ಟ್ ಸಾಲಿಗೆ, ಎಚ್‌ಸಿ-05ರ ಪಕ್ಕದಲ್ಲಿ, 470 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿದರು. ಸೋಲು ಕಡಿಮೆಯಾಯಿತು, ನಿಲ್ಲಲಿಲ್ಲ. ಅದನ್ನು ಹಾಗೇ ಬಿಟ್ಟು ಮೂಲಕ್ಕೆ ಕೈಹಾಕಿದರು. 13ನೇ ಪಿನ್‌ನ ತಂತಿಯನ್ನು, ಈಗ ಖಾಲಿಯಿರುವುದರಲ್ಲಿ ಒಂದಾದ, 4ನೇ ಪಿನ್‌ಗೆ ಸರಿಸಿದರು. ಎರಡೂ ಜಂಪರ್ ಟೋಪಿ ತೆಗೆದು ಇಎನ್‌ಎ ಅನ್ನು 5ಕ್ಕೆ, ಇಎನ್‌ಬಿಯನ್ನು 6ಕ್ಕೆ ಕೊಟ್ಟು, ಪ್ರತಿಯೊಂದರಿಂದ ಗ್ರೌಂಡ್‌ಗೆ 10 ಕಿಲೋಓಮ್ ಹಾಕಿದರು. ಈಗ ಪ್ರೋಗ್ರಾಮ್ ತಾನಾಗಿ ‘ಓಡು’ ಎನ್ನುವವರೆಗೆ ಮೋಟಾರಿಗೆ ಅಪ್ಪಣೆಯಿಲ್ಲ.

ಮಾರನೆಯ ದಿನ ಆರೂ ಗಾಡಿ ಮಿಸುಕಾಡಲಿಲ್ಲ. ಹೆದರುವಂಥದ್ದೇನಲ್ಲ: ಮಕ್ಕಳ ಹಳೆಯ ಪ್ರೋಗ್ರಾಮ್‌ಗಳಲ್ಲಿ 5 ಮತ್ತು 6ನೇ ಪಿನ್‌ನ ಸುದ್ದಿಯೇ ಇರಲಿಲ್ಲ. ಸೆಟಪ್‌ನಲ್ಲಿ ಎರಡನ್ನೂ ಔಟ್‌ಪುಟ್ ಮಾಡಿ, ಅನಲಾಗ್‌ರೈಟ್‌ನಿಂದ ಬೆಲೆ ಕೊಟ್ಟ ಮೇಲೆ ಓಡಿದವು. ಜೊತೆಗೆ ವೇಗ ಹೆಚ್ಚುಕಡಿಮೆ ಮಾಡುವುದೂ ಸಿಕ್ಕಿತು.

ಮೋಟಾರಿಗೆ ಬೇರೆ ಸ್ವಿಚ್ ಇಟ್ಟು ‘ಅಪ್‌ಲೋಡ್ ಮಾಡುವಾಗ ಆರಿಸಿ’ ಎಂದು ಹೇಳುವ ಸಲಹೆಯೂ ಬಂದಿತ್ತು. ಅದು ಸರಳ. ಆದರೆ ಮಕ್ಕಳು ಮರೆಯುತ್ತಾರೆ, ಮರೆತದ್ದು ತಿಳಿಯುವುದು ಗಾಡಿ ಮೇಜಿನಿಂದ ಬಿದ್ದ ಮೇಲೆ. ಎರಡು ನಿರೋಧಕ ಮರೆಯುವುದಿಲ್ಲ.

ಇನ್ನೊಂದು ಸಲಹೆ, ಊನೊ ಬಿಟ್ಟು ವೈಫೈ ಇರುವ ಇಎಸ್‌ಪಿ32 ಬೋರ್ಡು ಹಾಕಿ ವೈಫೈ ಮೂಲಕ ಒಟಿಎ, ಅಂದರೆ ತಂತಿಯಿಲ್ಲದೆ ಪ್ರೋಗ್ರಾಮ್ ಹಾಕುವುದು, ಮಾಡುವುದು. ಇದನ್ನು ಗಂಭೀರವಾಗಿಯೇ ಚರ್ಚಿಸಿದರು. ಅದಕ್ಕೆ ಇಂಟರ್‌ನೆಟ್ ಬೇಕಿಲ್ಲ, ಲ್ಯಾಪ್‌ಟಾಪೂ ಗಾಡಿಯೂ ಒಂದೇ ವೈಫೈನಲ್ಲಿದ್ದರೆ ಸಾಕು, ವೇಗವೂ ಹೆಚ್ಚು. ಆದರೆ ಅಲ್ಲಿ ಹೊಸ ಪ್ರೋಗ್ರಾಮನ್ನು ಸ್ವೀಕರಿಸುವುದು ಓಡುತ್ತಿರುವ ಪ್ರೋಗ್ರಾಮಿನದೇ ಕೆಲಸ. ಲೂಪ್‌ನಲ್ಲಿರುವ ಒಟಿಎ ಸಾಲನ್ನು ಒಂದು ಮಗು ಅಳಿಸಿದರೆ, ಅಥವಾ ಅದರ ಮೇಲೆ ದೊಡ್ಡ ಡಿಲೇ ಬರೆದರೆ, ವೈರ್‌ಲೆಸ್ ಬಾಗಿಲು ಮುಚ್ಚಿಹೋಗುತ್ತದೆ, ಮತ್ತೆ ಕೇಬಲ್ಲೇ ಗತಿ. ಈ ಊನೊ ಗಾಡಿಯಲ್ಲಿ ಎಬ್ಬಿಸುವುದು ಟ್ರಾನ್ಸಿಸ್ಟರ್, ಸ್ವೀಕರಿಸುವುದು ಬೇರೆಯೇ ಜಾಗದಲ್ಲಿರುವ ಬೂಟ್‌ಲೋಡರ್. ಮಗು ಎಂಥ ತಪ್ಪು ಪ್ರೋಗ್ರಾಮ್ ಬರೆದರೂ, ಅಪ್‌ಲೋಡ್ ನಡುವೆಯೇ ಕಡಿದರೂ, ಬೂಟ್‌ಲೋಡರ್ ಅಳಿಯುವುದಿಲ್ಲ, ಮತ್ತೊಮ್ಮೆ ಕಳಿಸಿದರೆ ಮುಗಿಯಿತು. ತಪ್ಪು ಮಾಡಿ ಕಲಿಯಬೇಕಾದ ಕೋಣೆಗೆ ಇದೇ ಸರಿ ಎಂದು ಊನೊವನ್ನೇ ಉಳಿಸಿಕೊಂಡರು. ಸರಿಯಾದ ನಿರ್ಧಾರ.

ಆಗಸ್ಟ್ ಮುಗಿಯುವಷ್ಟರಲ್ಲಿ ಐದು ಗಾಡಿಗಳು ಕರೆಂಟ್ ಇಲ್ಲದ ಮಧ್ಯಾಹ್ನಗಳಲ್ಲೂ, 7.2 ವೋಲ್ಟ್‌ನಲ್ಲೂ ಪ್ರೋಗ್ರಾಮ್ ತೆಗೆದುಕೊಳ್ಳುತ್ತಿದ್ದವು. ಕೇಬಲ್‌ಗಿಂತ ನಿಧಾನ, ಏಕೆಂದರೆ 128 ಬೈಟ್‌ನ ಪ್ರತಿ ಪುಟಕ್ಕೂ ಬ್ಲೂಟೂತ್ ದಾಟಿ ಉತ್ತರ ಬಂದ ಮೇಲೇ ಮುಂದಿನದು ಹೊರಡುತ್ತದೆ. ನೋಟ್‌ಬುಕ್ಕಿನ ಸಾಲುಗಳು ಮುಂದುವರಿದವು. ಆಮೇಲೆ ಬಂದ ಸೋಲುಗಳೆಲ್ಲ ಸಡಿಲ ಜಂಪರ್ ತಂತಿಯವು, ಹಲಗೆಯ ಮೇಲಿನ ಸಾಲಿನಲ್ಲಿ ಯಾವ ಹಂತದಲ್ಲಿ ನಿಂತಿದೆ ಎಂದು ನೋಡಿ ಮಕ್ಕಳೇ ಹುಡುಕಿಕೊಂಡರು.

ಆರನೆಯದು ಬರಪೊಳೆ, ಸ್ಟೇಟ್ ಕಡ್ಡಿಯಲ್ಲಿ ಏನೂ ಅಲುಗದ ಮಾಡ್ಯೂಲಿನದು. ಆ ಬೋರ್ಡಿನಲ್ಲಿ ಕಡ್ಡಿ ಇದೆ, ಒಳಗೆ ಜೋಡಣೆಯಿಲ್ಲ. ಸಂಕೇತ ಹೊರಡುವುದು ಮೇಲಿನ ಹಸಿರು ಚಿಪ್ ಹಲಗೆಯ 32ನೇ ಕಾಲಿನಿಂದ, ಅಲ್ಲಿಗೆ ನೇರ ತಂತಿ ಬೆಸೆಯಬಹುದು. ಶಾಲೆಯ ಬೆಸುಗೆ ಕಡ್ಡಿಯ ತುದಿ ಅದಕ್ಕೆ ತುಂಬ ದಪ್ಪ, ಪಕ್ಕದ ಕಾಲಿಗೂ ಸೀಸ ಹರಡುತ್ತದೆ ಎಂದು ಕೈಹಾಕಲಿಲ್ಲ. ಬರಪೊಳೆಗೆ ಪ್ರೋಗ್ರಾಮ್ ಹಾಕಲು ಇಬ್ಬರು ಬೇಕು. ಒಬ್ಬರು ಗಾಡಿಯ ರೀಸೆಟ್ ಗುಂಡಿಯನ್ನು ಒತ್ತಿ ಹಿಡಿಯುತ್ತಾರೆ, ಇನ್ನೊಬ್ಬರು ಅಪ್‌ಲೋಡ್ ಒತ್ತುತ್ತಾರೆ. ಮಾಡ್ಯೂಲಿನ ದೀಪ ಎರಡೆರಡು ಬಾರಿ ಮಿಣುಕತೊಡಗಿದ ಕ್ಷಣ ಗುಂಡಿ ಬಿಡಬೇಕು.